ಗಾಳಿಯೂ ಅಲ್ಲ, ಹುಚ್ಚೂ ಅಲ್ಲ

ಪ್ರಶ್ನೆ: ನನ್ನ ಮಗಳಿಗೆ 19 ವರ್ಷ, ಬಿ.ಕಾಂ. ಓದುತ್ತಿದ್ದಾಳೆ. ಮೊದಲು ನಾಲ್ಕು ದಿನ ಜ್ವರ, ತಲೆನೋವು. ಆಮೇಲೆ ನಿದ್ದೆಯನ್ನೇ ಬಿಟ್ಟಳು. ಯಾರೋ ಬೈಯುತ್ತಿದ್ದಾರೆ ಎಂದು ಕಿರುಚುತ್ತಿದ್ದಳು, ಅಪ್ಪನನ್ನೇ ಗುರುತಿಸಲಿಲ್ಲ. ಗಾಳಿ ಸೋಕಿದೆ ಎಂದು ತಾಯಿತ ಕಟ್ಟಿಸಿದೆವು. ಫಿಟ್ಸ್ ಬಂದ ಮೇಲೆ ಆಸ್ಪತ್ರೆಗೆ ಸೇರಿಸಿದ್ದೇವೆ. ತಲೆಯ ಸ್ಕ್ಯಾನಿಂಗ್‌ನಲ್ಲಿ ಏನೂ ಇಲ್ಲವಂತೆ, ಅಂಡಾಶಯದಲ್ಲಿ ಗೆಡ್ಡೆ ಇದೆಯಂತೆ. ಅವಳ ರೋಗನಿರೋಧಕ ಶಕ್ತಿಯೇ ಮಿದುಳಿನ ಮೇಲೆ ತಿರುಗಿಬಿದ್ದಿದೆ ಎನ್ನುತ್ತಾರೆ. ಹೊಟ್ಟೆಗೂ ತಲೆಗೂ ಎಲ್ಲಿಯ ಸಂಬಂಧ ಡಾಕ್ಟ್ರೇ? ಶಕ್ತಿ ಬರಲು ಅಮೃತಬಳ್ಳಿ ಕಷಾಯ ಕೊಡಬಹುದೇ?
– ಹೆಸರು ಬೇಡ, ತುಮಕೂರು ಜಿಲ್ಲೆ

ಉತ್ತರ: ಕಷಾಯ ಬೇಡಮ್ಮ. ಕೊರೊನಾ ಬಂದು ಹೋದಮೇಲೆ ‘ಇಮ್ಯುನಿಟಿ’ ಹೆಚ್ಚಿದಷ್ಟೂ ಒಳ್ಳೆಯದೆಂಬ ನಂಬಿಕೆ ಮನೆಮನೆಯಲ್ಲೂ ಕೂತಿದೆ. ನಿಮ್ಮ ಮಗಳಲ್ಲಿ ಅದು ಕಡಿಮೆಯಾಗಿಲ್ಲ, ದಾರಿ ತಪ್ಪಿದೆ. ಅಲ್ಲಿ ವೈದ್ಯರು ಅದನ್ನು ತಣಿಸಲು ಹೆಣಗುತ್ತಿರುವಾಗ ಇಲ್ಲಿ ನಾವು ಕೆರಳಿಸುವುದು ಬೇಡ.

ವರದಿ ನೋಡದೆ ಖಚಿತವಾಗಿ ಹೇಳಲಾರೆ. ಆದರೆ ನೀವು ಬರೆದಿರುವುದು ಆಂಟಿ-ಎನ್‌ಎಂಡಿಎ ರಿಸೆಪ್ಟರ್ ಎನ್ಸೆಫಲೈಟಿಸ್ ಎಂಬ ಮಿದುಳಿನ ಉರಿಯೂತವನ್ನು ಬಹಳ ಹೋಲುತ್ತದೆ. 2007ರಲ್ಲಿ ನರತಜ್ಞ ಜೋಸೆಪ್ ಡಾಲ್ಮೌ ಮತ್ತು ಜೊತೆಗಾರರು 12 ಮಹಿಳೆಯರಲ್ಲಿ ಇದರ ಮೂಲ ಪತ್ತೆಮಾಡಿದರು. ನಾನು ಓದುವಾಗ ಈ ಕಾಯಿಲೆಗೆ ಹೆಸರೇ ಇರಲಿಲ್ಲ. ಆಗ ಇಂಥ ಹುಡುಗಿಯರು ಯಾವ ವಾರ್ಡು, ಯಾವ ದೇವಸ್ಥಾನ ಸೇರಿದರೋ!

ಗೆಡ್ಡೆಯ ವಿಷಯ. ಅದು ಟೆರಟೋಮಾ ಆಗಿರಬಹುದು. ಕೊಯ್ದು ನೋಡಿದರೆ ಒಳಗೆ ಕೊಬ್ಬು, ಕೂದಲ ಉಂಡೆ, ಕೆಲವೊಮ್ಮೆ ಹಲ್ಲು ಕೂಡ ಸಿಗುತ್ತದೆ. ಮಿದುಳಿನಂಥದೇ ನರಕೋಶಗಳೂ ಇರುತ್ತವೆ. ಹೊಟ್ಟೆಯಲ್ಲಿ ಅವನ್ನು ಕಂಡ ದೇಹ ‘ಇದು ನಮ್ಮದಲ್ಲ’ ಎಂದು ಪ್ರತಿಕಾಯ ತಯಾರಿಸುತ್ತದೆ. ಅದೇ ಪ್ರತಿಕಾಯ ಮಿದುಳಿಗೂ ಹೋಗಿ, ನೆನಪು, ನಡವಳಿಕೆಗೆ ಬೇಕಾದ ಎನ್‌ಎಂಡಿಎ ಗ್ರಾಹಕಗಳಿಗೆ ಅಂಟಿಕೊಳ್ಳುತ್ತದೆ. ಆ ಗ್ರಾಹಕಗಳು ಕೋಶದ ಮೇಲ್ಮೈಯಿಂದ ಒಳಕ್ಕೆ ಜಾರಿಬಿಡುತ್ತವೆ. ಕೋಶ ಬಹುಪಾಲು ಸಾಯುವುದಿಲ್ಲ. ಪ್ರತಿಕಾಯ ಇಳಿದರೆ ಗ್ರಾಹಕಗಳು ಮತ್ತೆ ಮೇಲೆ ಬರುತ್ತವೆ. ಗೆಡ್ಡೆ ಇಲ್ಲದವರಿಗೂ, ಗಂಡಸರಿಗೂ, ಮಕ್ಕಳಿಗೂ ಇದು ಬರುತ್ತದೆ. ಹರ್ಪಿಸ್ ವೈರಸ್ಸಿನ ಮಿದುಳು ಜ್ವರದ ಬೆನ್ನಿಗೂ ಬರುವುದುಂಟು.

ಎಂಆರ್‌ಐ ನಾರ್ಮಲ್ ಬಂತೆಂದು ‘ಮನಸ್ಸಿನ ಕಾಯಿಲೆ’ ಎಂದು ಷರಾ ಬರೆಯುವ ಅವಸರ ನಮ್ಮವರಲ್ಲೂ ಇದೆ. ಈ ಉರಿಯೂತದಲ್ಲಿ ಎಷ್ಟೋ ಜನರ ಎಂಆರ್‌ಐ ನಾರ್ಮಲ್ಲೇ. ಪ್ರತಿಕಾಯವನ್ನು ರಕ್ತಕ್ಕಿಂತ ಬೆನ್ನಿನ ನೀರಿನಲ್ಲಿ ಹುಡುಕುವುದು ಮೇಲು. ನೀರು ತೆಗೆದರೆ ಸೊಂಟ ಬಿದ್ದುಹೋಗುತ್ತದೆಂದು ನೆಂಟರು ಹೆದರಿಸಿದರೆ ಕಿವಿಗೊಡಬೇಡಿ.

ಗೆಡ್ಡೆ ತೆಗೆಸಲು ತಡ ಮಾಡಬೇಡಿ. ಜೊತೆಗೆ ದಾರಿ ತಪ್ಪಿದ ನಿರೋಧಕ ಶಕ್ತಿಯನ್ನು ತಣಿಸಲು ಸ್ಟೀರಾಯ್ಡ್, ಐವಿಐಜಿ (ರಕ್ತನಾಳಕ್ಕೆ ಹಾಕುವ ಪ್ರತಿಕಾಯಗಳ ಔಷಧ) ಅಥವಾ ಪ್ಲಾಸ್ಮಾ ಬದಲಾವಣೆ, ಸಾಲದಿದ್ದರೆ ರಿಟುಕ್ಸಿಮ್ಯಾಬ್ ಕೊಡುತ್ತಾರೆ. ಐವಿಐಜಿ ದುಬಾರಿ; ಸರ್ಕಾರಿ ಯೋಜನೆಯ ನೆರವು ಸಿಗುತ್ತದೆಯೇ ಎಂದು ಆಸ್ಪತ್ರೆಯಲ್ಲೇ ವಿಚಾರಿಸಿ. ಚಿಕಿತ್ಸೆ ಪಡೆದ ನೂರರಲ್ಲಿ ಸುಮಾರು 80 ಮಂದಿ ಎರಡು ವರ್ಷದೊಳಗೆ ಚೆನ್ನಾಗಿ ಚೇತರಿಸಿಕೊಳ್ಳುತ್ತಾರೆ.

ಆದರೆ ಕಾಯಿಲೆ ಬಂದ ದಾರಿಯಲ್ಲೇ ಹಿಂದಿರುಗುತ್ತದೆ: ಮೊದಲು ಫಿಟ್ಸ್ ನಿಲ್ಲುತ್ತದೆ, ಸಿಟ್ಟು, ಮರೆವು ಕೊನೆಗೆ. ಮನೆಗೆ ಬಂದವಳು ತಟ್ಟೆ ತಳ್ಳಿದರೆ ಹಟವೆಂದು ಗದರಬೇಡಿ. ಆಸ್ಪತ್ರೆಯ ದಿನಗಳು ಅವಳಿಗೆ ನೆನಪಿರಲಿಕ್ಕಿಲ್ಲ, ಕೆದಕಬೇಡಿ. ಈ ವರ್ಷದ ಪರೀಕ್ಷೆ ಹೋದರೆ ಹೋಗಲಿ. ತಾಯಿತ ಇದ್ದರೂ ಇರಲಿ, ಮಾತ್ರೆ ತಪ್ಪಬಾರದು. ನಿರೋಧಕ ಶಕ್ತಿಯನ್ನು ತಣಿಸುವ ಈ ಔಷಧಗಳಿಂದ ಸೋಂಕು ತಗಲುವ ಸಾಧ್ಯತೆ ಹೆಚ್ಚು. ಜ್ವರ ಬಂದರೆ ಅದೇ ದಿನ ತೋರಿಸಿ. ಮುಂದೆಂದಾದರೂ ಎರಡು ಮೂರು ರಾತ್ರಿ ನಿದ್ದೆಯಿಲ್ಲದೆ ಬಡಬಡಿಸಿದರೆ, ಹಳೆಯ ಫೈಲು ಹಿಡಿದು ಅದೇ ನರರೋಗ ವಿಭಾಗಕ್ಕೆ ಹೋಗಿ.