ಬ್ಯಾಡ್ಜಿನ ಮೇಲೆ ಸೂಪರ್‌ವೈಸರ್, ಹೆಗಲ ಮೇಲೆ ಪಾರ್ಸೆಲ್

ಬಸವನ ಬಾಗೇವಾಡಿ ತಾಲ್ಲೂಕಿನ ಇಂಗಳೇಶ್ವರದಂಥ ಊರುಗಳಿಂದ ನೆಲಮಂಗಲ, ಹೊಸಕೋಟೆ ಕಡೆಯ ಪಾರ್ಸೆಲ್ ಗೋದಾಮುಗಳಿಗೆ ದುಡಿಯಲು ಹೋದ ಹುಡುಗರಲ್ಲಿ ನಾಲ್ಕಕ್ಷರ ಕಲಿತವನಿಗೆ ‘ಸೂಪರ್‌ವೈಸರ್’ ಎಂಬ ಬ್ಯಾಡ್ಜು ಸಿಗುವುದುಂಟು. ನಾಲ್ಕೈದು ತಾಸಿನ ಪಾರ್ಟ್‌ಟೈಮ್ ಪಾಳಿ. ಹಾಜರಿ ಬರೆಯಬೇಕು, ಸ್ಕ್ಯಾನರ್ ಹಿಡಿಯಬೇಕು, ಆಳು ಕಡಿಮೆ ಬಿದ್ದರೆ ತಾನೇ ಪೆಟ್ಟಿಗೆ ಹೊರಬೇಕು. ಅಲ್ಲಿ ಯೂನಿಯನ್ ಇದ್ದರೆ ಫಜೀತಿ ಇನ್ನೊಂದು ಬಗೆಯದು. ‘ನೀ ಕಂಪನಿ ಮನುಷ್ಯಾ’ ಎಂದು ಯೂನಿಯನ್ನಿನವರು, ‘ನಿನಗೆ ಕಾರ್ಮಿಕ ಕಾನೂನು ಇಲ್ಲ’ ಎಂದು ಕಂಪನಿಯವರು. ಎರಡೂ ಪೂರ್ತಿ ನಿಜವಲ್ಲ.

2025ರ ನವೆಂಬರ್ 21ರಂದು ಜಾರಿಗೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆಯ ಪ್ರಕಾರ, ಮೇಲ್ವಿಚಾರಣೆಯ ಕೆಲಸ ಮಾಡುತ್ತ ತಿಂಗಳಿಗೆ 18,000 ರೂಪಾಯಿಗಿಂತ ಹೆಚ್ಚು ವೇತನ ಪಡೆಯುವವನು ‘ಕಾರ್ಮಿಕ’ನಲ್ಲ. 1947ರ ಹಳೆಯ ಕಾಯ್ದೆಯಲ್ಲಿ ಈ ಮಿತಿ ಕೊನೆಗೆ 10,000 ಇತ್ತು. ವೇತನವೆಂದರೆ ಕೈಗೆ ಬರುವ ಇಡೀ ಮೊತ್ತವಲ್ಲ. ಮೂಲ ವೇತನ, ತುಟ್ಟಿಭತ್ಯೆ ಸೇರಿ 13,000, ಮನೆಬಾಡಿಗೆ ಮತ್ತು ಓಡಾಟದ ಭತ್ಯೆ 10,000 ಇದ್ದರೆ ಲೆಕ್ಕಕ್ಕೆ ಹಿಡಿಯುವುದು 13,000 ಮಾತ್ರ. ಭತ್ಯೆಗಳು ಒಟ್ಟು ಸಂಬಳದ ಅರ್ಧ ದಾಟಿದರಷ್ಟೇ ದಾಟಿದ ಭಾಗ ವೇತನಕ್ಕೆ ಸೇರುತ್ತದೆ. ಸಂಬಳದ ಚೀಟಿ ಎತ್ತಿಡಿ ಎನ್ನುವುದು ಇದಕ್ಕೇ.

ಇನ್ನು ಹುದ್ದೆಯ ಹೆಸರು. ಅದಕ್ಕಿಂತ ನಿಜವಾಗಿ ಮಾಡುವ ಕೆಲಸವೇ ಮುಖ್ಯ. ಡೆಲ್ಟನ್ ಕೇಬಲ್ ಪ್ರಕರಣದಲ್ಲಿ (1984) ಸುಪ್ರೀಂ ಕೋರ್ಟ್ ಒಬ್ಬ ಸೆಕ್ಯುರಿಟಿ ಇನ್‌ಸ್ಪೆಕ್ಟರನನ್ನು ಕಾರ್ಮಿಕನೆಂದೇ ಪರಿಗಣಿಸಿತು. ಯಾರನ್ನೂ ನೇಮಿಸುವ, ತೆಗೆಯುವ ಅಧಿಕಾರ ಅವನಿಗಿರಲಿಲ್ಲ. ನ್ಯೂ ಇಂಡಿಯಾ ಅಶ್ಯೂರೆನ್ಸ್ ಪ್ರಕರಣದಲ್ಲಿ (2008) ಪಾರ್ಟ್‌ಟೈಮ್ ಕಸ ಗುಡಿಸಿ ನೀರು ತರುತ್ತಿದ್ದವನೂ ಕಾರ್ಮಿಕನೇ ಎಂದಿತು. ಎರಡೂ ಹಳೆಯ ಕಾಯ್ದೆಯಡಿಯ ತೀರ್ಪುಗಳು, ಆದರೆ ಹೊಸ ಸಂಹಿತೆಯ ವ್ಯಾಖ್ಯೆಯೂ ಬಹುಮಟ್ಟಿಗೆ ಅದೇ ಜಾಡಿನದು. ಹಾಗಾಗಿ ‘ಇವತ್ತು ಎರಡು ಲಾರಿ ನೀನೇ ಖಾಲಿ ಮಾಡು’ ಎಂಬ ವಾಟ್ಸ್‌ಆ್ಯಪ್ ಸಂದೇಶವನ್ನು ಅಳಿಸಬೇಡಿ. ನೇಮಕಾತಿ ಪತ್ರಕ್ಕಿಂತ ಅದೇ ಹೆಚ್ಚು ಮಾತಾಡೀತು.

ಯೂನಿಯನ್ ಸೇರುವ ವಿಷಯದಲ್ಲಂತೂ ಸಂಬಳದ ಮಿತಿಯೇ ಇಲ್ಲ. ಸಂಹಿತೆಯ ಯೂನಿಯನ್ ಕುರಿತ ಅಧ್ಯಾಯದ ಮಟ್ಟಿಗೆ ಉದ್ಯಮದಲ್ಲಿ ದುಡಿಯುವ ಎಲ್ಲರೂ ಕಾರ್ಮಿಕರೇ. ಯೂನಿಯನ್ ಬಲ ಕುಗ್ಗಿಸಲೆಂದೇ ಅರ್ಹತೆಯಿಲ್ಲದವರಿಗೆ ಬಡ್ತಿ ಕೊಡುವುದು ಅನುಚಿತ ಕಾರ್ಮಿಕ ಪದ್ಧತಿ. ಬ್ಯಾಡ್ಜು ತೊಡಿಸುವಾಗ ಇದನ್ನು ಯಾರೂ ಹೇಳುವುದಿಲ್ಲ.

ಕೆಲಸದಿಂದ ತೆಗೆದರೆ ಬಾಕಿಯೆಲ್ಲ ಎರಡು ಕೆಲಸದ ದಿನಗಳಲ್ಲಿ ಕೈಸೇರಬೇಕು. ವೇತನ ಸಂಹಿತೆಯ ಈ ಹಕ್ಕಿಗೆ 18,000ದ ಅಡ್ಡಿಯಿಲ್ಲ, ಸೂಪರ್‌ವೈಸರನೂ ಅದರಲ್ಲಿ ನೌಕರನೇ. ಬಾಕಿ ಕೇಳಲು ಮೂರು ವರ್ಷ ಅವಕಾಶವಿದೆ. ವಜಾ ಪ್ರಶ್ನಿಸುವುದಿದ್ದರೆ ಗೋದಾಮು ಇರುವ ಜಿಲ್ಲೆಯ ಕಾರ್ಮಿಕ ಇಲಾಖೆಯ ಸಂಧಾನಾಧಿಕಾರಿಗೆ ಎರಡು ವರ್ಷದೊಳಗೆ ಅರ್ಜಿ ಕೊಡಬೇಕು. ಸಂಧಾನ ಮುರಿದುಬಿದ್ದರೆ ಅವರ ವರದಿ ತಲುಪಿದ 90 ದಿನದೊಳಗೆ ಕೈಗಾರಿಕಾ ನ್ಯಾಯಮಂಡಳಿಗೆ ಹೋಗಬಹುದು.

ಊರಿಗೆ ಮರಳಿದ್ದರೆ ಮೊದಲು ಬಸವನ ಬಾಗೇವಾಡಿಯ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋಗಿ, ಇಲ್ಲವೇ 15100ಕ್ಕೆ ಫೋನ್ ಮಾಡಿ. 1987ರ ಕಾನೂನು ಸೇವಾ ಕಾಯ್ದೆಯಡಿ ಕೈಗಾರಿಕಾ ಕಾರ್ಮಿಕರಿಗೆ, ಮಹಿಳೆಯರಿಗೆ, ಪರಿಶಿಷ್ಟರಿಗೆ ಆದಾಯ ನೋಡದೆ ಉಚಿತವಾಗಿ ವಕೀಲರನ್ನು ಕೊಡುತ್ತಾರೆ. ಹೋಗುವಾಗ ಸಂಬಳದ ಚೀಟಿ, ಬ್ಯಾಂಕ್ ಪಾಸ್‌ಬುಕ್, ಆ ಬ್ಯಾಡ್ಜು ಮೂರೂ ಕೈಯಲ್ಲಿರಲಿ.