ಪ್ಲೇಟು ಕೆಂಪಾದಾಗ

ಮಾಲೂರಿನಲ್ಲಿ ಮೈಕ್ ಸೆಟ್ ಬಾಡಿಗೆಗೆ ಕೊಟ್ಟುಕೊಂಡು, ಜೊತೆಗೆ ರಿಪೇರಿ ಮಾಡಿಕೊಂಡು ಬಂದವನು ನಾನು. ಜಾತ್ರೆ, ಟೆಂಟ್ ಸಿನಿಮಾಗಳ ಕಾಲದ ವಾಲ್ವ್ ಆಂಪ್ಲಿಫೈಯರುಗಳು ಬಹುಪಾಲು ಗುಜರಿಗೆ ಹೋಗಿಯಾಯಿತು. ಉಳಿದವು ಆಗಾಗ ನನ್ನ ಬೆಂಚಿಗೆ ಬರುತ್ತವೆ, ಮತ್ತು ತಂದವರು ಹೇಳುವ ಮಾತು ಹೆಚ್ಚುಕಡಿಮೆ ಒಂದೇ: "ವಾಲ್ವು ಕೆಂಪಗಾಗ್ತಾ ಐತೆ ಅಣ್ಣಾ, ಹೊಸದು ಹಾಕ್ಕೊಡಿ."

ಹೊಸದು ಹಾಕುವುದು ಸುಲಭ. ಕಾರಣ ಒಳಗೇ ಉಳಿದಿದ್ದರೆ ಹೊಸದೂ ಹಾಗೇ ಸುಡುತ್ತದೆ, ಅಷ್ಟೇ. ಬೆಂಗಳೂರಿನ ಬಿಇಎಲ್ 1961ರಿಂದ ವಾಲ್ವ್ ತಯಾರಿಸುತ್ತಿದ್ದ ಕಾಲದಲ್ಲಿ ಒಂದು ಸುಟ್ಟರೆ ಇನ್ನೊಂದು ಎನ್ನಬಹುದಿತ್ತು. ಈಗ ರಷ್ಯಾ, ಸ್ಲೊವಾಕಿಯಾ, ಚೀನಾದಿಂದ ಬರಬೇಕು. ಒಂದು ಜೋಡಿಯ ಬೆಲೆಗೆ ಹಳೇ ಮೈಕ್ ಸೆಟ್ಟೇ ಬಂದೀತು.

ಅಂಗಡಿಯ ದೀಪ ಆರಿಸಿ ಮೊದಲು ನೋಡುವುದು, ಕೆಂಪಾಗಿರುವುದು ಯಾವ ಭಾಗ ಎಂದು. ವಾಲ್ವಿನ ನಡುವೆ ಕಾಣುವ ಕಿತ್ತಳೆ ಬೆಳಕು ಹೀಟರಿನದು, ಅದು ಇರಲೇಬೇಕು. ಗಾಜಿನ ಒಳಮೈಗೆ ಅಂಟಿದಂತೆ ನೀಲಿ ಛಾಯೆ ಕಂಡರೂ ಚಿಂತೆಯಿಲ್ಲ, ಒಳ್ಳೊಳ್ಳೆಯ ವಾಲ್ವುಗಳಲ್ಲೂ ಅದು ಕಾಣುತ್ತದೆ. ಪ್ಲೇಟಿನ ಒಳಗಡೆ ನೇರಳೆ ಮಂಜು ತುಂಬಿದಂತಿದ್ದರೆ ಗಾಳಿ ಸೇರಿದೆ, ಆ ವಾಲ್ವನ್ನು ಎಸೆಯಬೇಕು. ಇವು ಯಾವುವೂ ಅಲ್ಲದೆ, ಪ್ಲೇಟು ಎನ್ನುವ ಆ ಹೊರಗಿನ ಬೂದು ಬಣ್ಣದ ತಗಡೇ ಕೆಂಡವಾಗುತ್ತಿದ್ದರೆ ಸ್ವಿಚ್ ಆರಿಸಿ ಕೂತು ಯೋಚಿಸಬೇಕು.

ನನಗೆ ಹೆಚ್ಚು ಕಲಿಸಿದ್ದು ಒಂದು ಗಿಟಾರ್ ಆಂಪ್ಲಿಫೈಯರ್. ಅರವತ್ತರ ದಶಕದ ಇಂಗ್ಲೆಂಡಿನ ಪೆಟ್ಟಿಗೆ, ಒಳಗೆ ಎರಡು ಇಎಲ್34. ಕೆಜಿಎಫ್‌ನಲ್ಲಿ ಗಣಿ ಜೋರಾಗಿದ್ದಾಗ ಅಲ್ಲಿನ ಡ್ಯಾನ್ಸುಗಳಿಗೆ ಗಿಟಾರ್ ನುಡಿಸುತ್ತಿದ್ದ ಹಿರಿಯರೊಬ್ಬರದು. 2001ರಲ್ಲಿ ಗಣಿ ಮುಚ್ಚಿತು. ಈಗ ಮಗಳ ಜೊತೆ ಮಾಲೂರಿನ ಆಚೆ ತೋಟದ ಮನೆಯಲ್ಲಿದ್ದಾರೆ. ಆಗಲೇ ಬೆಂಗಳೂರಿನ ಎಸ್.ಪಿ. ರೋಡಿಗೆ ಹೋಗಿ ಹೊಸ ಜೋಡಿ ತಂದು ಹಾಕಿದ್ದರು. ಎಡಗಡೆಯದು ಐದೇ ನಿಮಿಷಕ್ಕೆ ಕೆಂಪು.

ಸೀರೀಸ್ ಬಲ್ಬಿನ ಮೂಲಕ ಕರೆಂಟ್ ಕೊಟ್ಟೆ. (ಇದಕ್ಕೆ ಹಳೆಯ ತಂತಿ ಬಲ್ಬೇ ಬೇಕು, ಎಲ್ಇಡಿ ನಡೆಯುವುದಿಲ್ಲ. ನಾನು 100 ವ್ಯಾಟಿನ ನಾಲ್ಕನ್ನು ಚಿನ್ನದ ಹಾಗೆ ಕಾಪಾಡಿಕೊಂಡಿದ್ದೇನೆ.) ಬಲ್ಬು ಸ್ವಲ್ಪ ಹೊತ್ತಿ ಮಂಕಾಯಿತು, ಅಂದರೆ ಶಾರ್ಟ್ ಇಲ್ಲ. ಬಲ್ಬ್ ತೆಗೆದು ನೇರ ಕರೆಂಟ್ ಕೊಟ್ಟು, ಎಡದ ವಾಲ್ವನ್ನು ಬಲಕ್ಕೆ, ಬಲದ್ದನ್ನು ಎಡಕ್ಕೆ ಹಾಕಿ ನೋಡಿದೆ. ಕೆಂಪು ವಾಲ್ವಿನ ಜೊತೆ ಹೋಗಲಿಲ್ಲ, ಎಡದ ಸಾಕೆಟ್ಟಿನಲ್ಲೇ ಉಳಿಯಿತು. ಎಸ್.ಪಿ. ರೋಡಿಗೆ ಹೋಗುವ ಮೊದಲು ಈ ಅದಲುಬದಲು ಮಾಡಿದ್ದರೆ ಅವರ ದುಡ್ಡು ಉಳಿಯುತ್ತಿತ್ತು.

ಪ್ಲೇಟಿನ ಮೇಲೆ 430 ವೋಲ್ಟ್ ಇರುತ್ತದೆ. ಅಷ್ಟಿದ್ದೂ ಕರೆಂಟು ನುಗ್ಗದಂತೆ ತಡೆಯುವುದು ಗ್ರಿಡ್ಡಿಗೆ ಕೊಡುವ ಮೈನಸ್ ವೋಲ್ಟೇಜು, ಅದೇ ಬಯಾಸ್. ಅದು ಸಡಿಲವಾದರೆ ಕರೆಂಟು ಏರಿ, 25 ವ್ಯಾಟ್ ಮಾತ್ರ ತಾಳುವ ಇಎಲ್34ರ ಪ್ಲೇಟು ಕೆಂಡವಾಗುತ್ತದೆ. ಸಾಕೆಟ್ಟಿನ ಐದನೇ ಪಿನ್ನು ಗ್ರಿಡ್ಡಿನದು. ನಮ್ಮ ಕಡೆ ಇಟ್ಟಿಗೆ ಗೂಡಿನ ಧೂಳು ಎಲ್ಲಾ ಕಡೆ ಸೇರುತ್ತದೆ, ಆ ಪಿನ್ನಿನ ಹಿಡಿತ ಸಡಿಲವಾಗಿ ಬಯಾಸ್ ತಪ್ಪುವುದುಂಟು. ಇಲ್ಲಿ ಹಿಡಿತ ಚೆನ್ನಾಗಿತ್ತು. ವಾಲ್ವುಗಳನ್ನು ಕಿತ್ತಿಟ್ಟು ಅಳೆದರೆ ಬಲಗಡೆ ಮೈನಸ್ 36, ಎಡಗಡೆ ಮೈನಸ್ 25. ಇದಕ್ಕೆ ಡಿಜಿಟಲ್ ಮೀಟರೇ ಆಗಬೇಕು. ಮುಳ್ಳಿನ ಮೀಟರು ತಾನೇ ಸ್ವಲ್ಪ ಕರೆಂಟು ಎಳೆದುಕೊಂಡು ಸರಿಯಿರುವ ಕಡೆಯೂ 30ರ ಹತ್ತಿರ ತೋರಿಸಿಬಿಡುತ್ತದೆ.

ಹಿಂದಿನ ಸ್ಟೇಜಿನಿಂದ ಗ್ರಿಡ್ಡಿಗೆ ಸಂಗೀತ ತರುವ 0.022 ಮೈಕ್ರೋಫ್ಯಾರಡ್ ಕಂಡೆನ್ಸರಿನ ಒಂದು ಕಾಲು ಎತ್ತಿದೆ. ಎಡಗಡೆಯೂ 36ಕ್ಕೆ ಬಂತು. ಅದರ ಆಚೆ ಬದಿಯಲ್ಲಿ ಪ್ಲಸ್ 230 ವೋಲ್ಟ್ ಕೂತಿರುತ್ತದೆ, ಅದೇ ಸೋರಿ ಮೈನಸ್ಸನ್ನು ತಿನ್ನುತ್ತಿತ್ತು. ತಮಾಷೆಯೆಂದರೆ ಕಂಡೆನ್ಸರನ್ನು ಬಿಚ್ಚಿ ಮೀಟರಿನ ಓಮ್ ರೇಂಜಿನಲ್ಲಿ ನೋಡಿದರೆ ಏನೂ ದೋಷವಿಲ್ಲ. ಮೀಟರಿನೊಳಗೆ 9 ವೋಲ್ಟಿನ ಬ್ಯಾಟರಿ ತಾನೇ ಇರುವುದು? ಇಂಥ ಕಂಡೆನ್ಸರಿನ ಬಣ್ಣ ಬಯಲಾಗುವುದು ನೂರಾರು ವೋಲ್ಟ್ ಬಿದ್ದು ಸೆಟ್ ಬಿಸಿಯಾದಾಗಲೇ. ಎರಡೂ ಕಡೆ 630 ವೋಲ್ಟಿನ ಹೊಸವು ಹಾಕಿದೆ. ಬಯಾಸಿನ ಒಣಗಿದ ಎಲೆಕ್ಟ್ರೋಲಿಟಿಕ್‌ಗಳನ್ನೂ ಬದಲಾಯಿಸಿದೆ. ಅಲ್ಲಿ ಪ್ಲಸ್ ಕಾಲು ಚಾಸಿಗೆ ಹೋಗಬೇಕು. ಅಭ್ಯಾಸಬಲದಿಂದ ಮೈನಸ್ಸನ್ನು ಚಾಸಿಗೆ ಕೊಟ್ಟವರ ಸೆಟ್ಟುಗಳನ್ನೂ ನಾನು ಬಿಚ್ಚಿದ್ದೇನೆ.

ಕೆಂಪು ಹೋಯಿತು. ಆದರೆ ಅವರ ತೋಟದ ಲೈನು ನನಗೆ ಗೊತ್ತು. ಪಂಪ್‌ಸೆಟ್ಟುಗಳು ಓಡುವಾಗ 200ರ ಆಸುಪಾಸು, ಅವೆಲ್ಲ ನಿಂತ ಮೇಲೆ ರಾತ್ರಿ 255. ಡಿಮ್ಮರ್‌ಸ್ಟಾಟಿನಲ್ಲಿ 255ಕ್ಕೆ ಏರಿಸಿ ಕಾದೆ. ಹತ್ತು ನಿಮಿಷಕ್ಕೆ ಎರಡೂ ಪ್ಲೇಟಿನ ಅಂಚಿನಲ್ಲಿ ಮಬ್ಬು ಕೆಂಪು. ಪ್ಲೇಟಿನಲ್ಲಿ 475 ದಾಟಿತ್ತು, 6.3 ಇರಬೇಕಾದ ಹೀಟರಿನಲ್ಲಿ ಏಳರ ಹತ್ತಿರ. ಯಾರೋ ಹಗಲಿನ ಸಪ್ಪೆ ಕರೆಂಟಿನಲ್ಲಿ ಬಯಾಸ್ ಪ್ರೀಸೆಟ್ ತಿರುಗಿಸಿಟ್ಟಿರಬೇಕು. ಕ್ಯಾಥೋಡಿನ ಕಾಲಿಗೆ 1 ಓಮಿನ ರೆಸಿಸ್ಟರ್ ಹಾಕಿದರೆ ಎಷ್ಟು ಮಿಲಿವೋಲ್ಟೋ ಅಷ್ಟೇ ಮಿಲಿಆಂಪ್. ಹಾಗೆ ನೋಡಿಕೊಂಡು 230 ವೋಲ್ಟಿನಲ್ಲಿ 33ಕ್ಕೆ ಇಳಿಸಿದೆ.

ಹೀಟರಿನ ಏಳು ವೋಲ್ಟಿಗೆ ಪ್ರೀಸೆಟ್ಟಿನಲ್ಲಿ ಮದ್ದಿಲ್ಲ. ಅದಕ್ಕೆ 12-0-12ರ 2 ಆಂಪ್ ಟ್ರಾನ್ಸ್‌ಫಾರ್ಮರನ್ನು ಮೇನ್ಸಿನ ಸಾಲಿನಲ್ಲಿ ಉಲ್ಟಾ ಸೇರಿಸಿ ಒಂದು ಡಬ್ಬಿ ಮಾಡಿಕೊಟ್ಟೆ. 255 ಬಂದರೆ 228 ಆಗಿ ಹೊರಬರುತ್ತದೆ. ಹಿರಿಯರು ಡಬ್ಬಿಯನ್ನು ತಿರುಗಿಸಿ ನೋಡಿ, "ನಮ್ಮ ಕೆಜಿಎಫ್‌ಗೆ 1902ರಲ್ಲೇ ಶಿವನಸಮುದ್ರದ ಕರೆಂಟ್ ಬಂದಿತ್ತು, ಬೆಂಗಳೂರಿಗಿಂತ ಮೂರು ವರ್ಷ ಮುಂಚೆ. ಈಗ ಈ ವಯಸ್ಸಿನಲ್ಲಿ ನನಗೆ ಡಬ್ಬಿ ಬೇಕಾ?" ಎಂದರು. "ರಾತ್ರಿ ಹೊತ್ತಿಗೆ ಬೇಕು ಸಾರ್. ಹಗಲು ಪಂಪ್ ಓಡುವಾಗ ತೆಗೆದುಬಿಡಿ" ಎಂದೆ. ಚಾಸಿ ಮಾತ್ರ ಬಿಚ್ಚಬೇಡಿ, ಆರಿಸಿದ ಮೇಲೂ ದೊಡ್ಡ ಕಂಡೆನ್ಸರುಗಳು ಕೈ ಎಗರಿಸುವಷ್ಟು ಹೊಡೆಯುತ್ತವೆ ಎಂದೂ ಹೇಳಿ ಕಳಿಸಿದೆ.

ಮುಂದಿನ ವಾರ ಮತ್ತೆ ಬಂದರು. ಕೆಂಪಿಲ್ಲ, ಆದರೆ ಸ್ವರ ತಣ್ಣಗಾಗಿದೆಯಂತೆ. ಹಳೆಯ ಕಂಡೆನ್ಸರ್ ವಾಪಸ್ ಹಾಕಿ ಎಂದರು. ಕಂಡೆನ್ಸರಿನ ಮೇಲಿನ ಈ ಭಕ್ತಿ ನನಗಿಲ್ಲ. 33 ಮಿಲಿಆಂಪ್ ತುಸು ಬಿಗಿಯೇ, ಕಿವಿಗೆ ಗೊತ್ತಾಗುವವರಿಗೆ ಗೊತ್ತಾಗುತ್ತದೆ. ಹಳೆಯ ಕಂಡೆನ್ಸರುಗಳನ್ನು ಒಂದು ಕವರಿನಲ್ಲಿ ಹಾಕಿ ಅವರ ಕೈಗೆ ಕೊಟ್ಟು, ಪ್ರೀಸೆಟ್ಟನ್ನು 38ಕ್ಕೆ ತಂದೆ. 430ಕ್ಕೆ ಗುಣಿಸಿದರೆ 16 ವ್ಯಾಟ್ ಚಿಲ್ಲರೆ, 25ರ ಒಳಗೆ ಇನ್ನೂ ಜಾಗವಿದೆ. ಅರ್ಧ ಗಂಟೆ ಅಂಗಡಿಯಲ್ಲೇ ನುಡಿಸಿದರು. ನಾನು ದೀಪ ಆರಿಸಿಕೊಂಡು ಪ್ಲೇಟು ನೋಡುತ್ತಾ ಕೂತಿದ್ದೆ.