ತೋಟದ ಕೆಲಸಕ್ಕೆ ಇಂಗ್ಲಿಷ್ ಮಾತು: ಅರ್ಜಿ, ಸಂದರ್ಶನ, ನೇಮಕಪತ್ರ

ಸಂಘದ ಕಛೇರಿಗೆ ಗೊಬ್ಬರಕ್ಕೋ ಬೆಳೆಸಾಲಕ್ಕೋ ಬರುವ ಸದಸ್ಯರು ಇತ್ತೀಚಿನ ವರ್ಷಗಳಲ್ಲಿ ಜೇಬಿನಿಂದ ಇನ್ನೊಂದು ಕಾಗದವನ್ನೂ ತೆಗೆಯುತ್ತಾರೆ. ಅದು ಮಗನ ಉದ್ಯೋಗದ ಅರ್ಜಿಯಾಗಿರುತ್ತದೆ, ಇಲ್ಲವೇ ಮಗಳಿಗೆ ಬಂದ ನೇಮಕಪತ್ರವಾಗಿರುತ್ತದೆ. ಇಂಥ ಕಾಗದಗಳನ್ನು ನೋಡುತ್ತ ಬಂದ ಮೇಲೆ ನಮಗೆ ಒಂದು ಸಂಗತಿ ಸ್ಪಷ್ಟವಾಗಿದೆ. ನಮ್ಮ ಮಕ್ಕಳು ತಾವು ಓದಿದ್ದನ್ನು ಇಂಗ್ಲಿಷಿನಲ್ಲಿ ಬರೆಯಬಲ್ಲರು, ಮಾಡಿದ ಕೆಲಸವನ್ನು ಬರೆಯಲಾರರು. ಪದವಿ ಮುಗಿಸಿ ಎರಡು ಮೂರು ವರ್ಷ ತೋಟದಲ್ಲಿ ದುಡಿದ ಹುಡುಗ ಅರ್ಜಿಯಲ್ಲಿ ಅನುಭವ ಎಂಬ ಕಲಮಿನ ಎದುರು 'ನಿಲ್' ಎಂದು ಬರೆದಿರುತ್ತಾನೆ. ಸಂದರ್ಶನದಲ್ಲಿ ಕೇಳಿದರೆ 'ಸಿಂಪ್ಲಿ ಅಟ್ ಹೋಮ್' ಎನ್ನುತ್ತಾನೆ. ಮನೆಯವರು ಇದನ್ನು ವಿನಯವೆಂದು ತಿಳಿಯುತ್ತಾರೆ. ಸಂದರ್ಶಕರಾದರೋ ಹುಡುಗ ಮೂರು ವರ್ಷ ಸುಮ್ಮನೆ ಕಾಲ ಕಳೆದನೆಂದು ಗುರುತು ಹಾಕಿಕೊಳ್ಳುತ್ತಾರೆ. ಆ ವರ್ಷಗಳಲ್ಲಿ ಅವನು ಆಳುಗಳ ಹಾಜರಿ ಬರೆದಿದ್ದಾನೆ, ಮದ್ದು ಹೊಡೆಸಿದ್ದಾನೆ, ಬಟವಾಡೆ ಮಾಡಿದ್ದಾನೆ, ಮಂಡಿಯ ಪಟ್ಟಿಯನ್ನು ತಾಳೆ ನೋಡಿದ್ದಾನೆ. ಇವೆಲ್ಲಕ್ಕೂ ಇಂಗ್ಲಿಷಿನಲ್ಲಿ ಸರಿಯಾದ ಮಾತುಗಳುಂಟು. ಇಂಗ್ಲಿಷ್ ವಾಕ್ಯಗಳನ್ನು ಕನ್ನಡ ಲಿಪಿಯಲ್ಲೇ ಕೊಟ್ಟಿದ್ದೇವೆ. ಓದುವ ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಓದಿದರೆ ಹೆಚ್ಚು ಪ್ರಯೋಜನ.

ಮೊದಲು 'ಕೆರಿಯರ್' ಎಂಬ ಪದ. ಇದನ್ನು 'ಕ್ಯಾರಿಯರ್' ಎಂದು ಉಚ್ಚರಿಸಬಾರದು. ಕ್ಯಾರಿಯರ್ ಎಂದರೆ ಬುತ್ತಿಯ ಡಬ್ಬಿ, ಸೈಕಲ್ಲಿನ ಹಿಂದೆ ಹುಲ್ಲಿನ ಹೊರೆ ಕಟ್ಟುವ ಜಾಗ. ಕೆರಿಯರ್ ಎನ್ನುವಾಗ ಒತ್ತು 'ರಿ' ಅಕ್ಷರದ ಮೇಲೆ ಬೀಳಬೇಕು. ವಿನೋದವೆಂದರೆ ಎರಡೂ ಪದಗಳ ಮೂಲ ಒಂದೇ, ಲ್ಯಾಟಿನ್ ಭಾಷೆಯಲ್ಲಿ ಗಾಡಿ ಎಂಬ ಅರ್ಥದ ಪದ. ಕ್ಯಾರಿಯರ್ ಹೊರೆ ಹೊರುವಂಥದ್ದು. ಕೆರಿಯರ್ ಎಂದರೆ ಗಾಡಿ ಹೋಗುವ ಹಾದಿ. ಆದ್ದರಿಂದ ಇಂದು ಸಿಕ್ಕ ಒಂದು ಕೆಲಸವನ್ನು 'ಜಾಬ್' ಎನ್ನಬೇಕು. ಒಂದರಿಂದ ಇನ್ನೊಂದಕ್ಕೆ ಸಾಗುತ್ತ ಇಪ್ಪತ್ತು ಮೂವತ್ತು ವರ್ಷ ನಡೆಯುವ ದಾರಿಯನ್ನು 'ಕೆರಿಯರ್' ಎನ್ನಬೇಕು. ಅಡಿಕೆ ಸುಲಿತವನ್ನು ಕಿಲೋ ಲೆಕ್ಕದಲ್ಲಿ ಕೊಟ್ಟಾಗ 'ಜಾಬ್ ವರ್ಕ್' ಎನ್ನುತ್ತೇವಲ್ಲ, ಆ ಜಾಬ್ ಇದೇ.

'ವರ್ಕ್' ಎಂಬ ಪದಕ್ಕೆ ಕೆಲಸ ಎಂಬ ಅರ್ಥದಲ್ಲಿ ಬಹುವಚನವಿಲ್ಲ. 'ಐ ಡಿಡ್ ಮೆನಿ ವರ್ಕ್ಸ್' ಎಂದು ಬರೆದ ಅರ್ಜಿಗಳು ಬೇಕಾದಷ್ಟು ಬರುತ್ತವೆ. 'ವರ್ಕ್ಸ್' ಎಂದರೆ ಕಾರ್ಖಾನೆ. ನಮ್ಮ ಕಾಫಿ ಹೋಗುವ 'ಕ್ಯೂರಿಂಗ್ ವರ್ಕ್ಸ್' ಎಂಬ ಫಲಕವನ್ನು ನೆನೆದರೆ ಈ ತಪ್ಪು ಮತ್ತೆ ಆಗದು. 'ಎಕ್ಸ್‌ಪೀರಿಯನ್ಸ್' ಕೂಡ ಹಾಗೆಯೇ. ಕೆಲಸದ ಅನುಭವ ಎಷ್ಟೇ ವರ್ಷದ್ದಾದರೂ ಏಕವಚನ. 'ಐ ಆಮ್ ಹ್ಯಾವಿಂಗ್' ಎನ್ನುವುದು ನಮ್ಮ ಕಡೆಯ ಹಳೆಯ ಚಾಳಿ. 'ಐ ಹ್ಯಾವ್ ತ್ರೀ ಇಯರ್ಸ್ ಎಕ್ಸ್‌ಪೀರಿಯನ್ಸ್' ಎಂದರೆ ಸಾಕು. ಹೆಸರು ಹೇಳುವಾಗ 'ಮೈಸೆಲ್ಫ್' ಎಂದು ಆರಂಭಿಸುವುದೂ ಬೇಡ. 'ಮೈ ನೇಮ್ ಈಸ್' ಎಂದು ನೇರವಾಗಿ ಹೇಳಲಿ. 'ಐ ಪಾಸ್ಡ್ ಔಟ್' ಎಂದರೆ ನಮ್ಮ ದೇಶದಲ್ಲಿ ಅರ್ಥವಾಗುತ್ತದೆ. ಹೊರದೇಶದ ಕಂಪೆನಿಯವರು ಎದುರಿಗೆ ಕುಳಿತಿದ್ದರೆ ಹುಡುಗ ಮೂರ್ಛೆ ಹೋದನೆಂದು ತಿಳಿದಾರು. 'ಐ ಗ್ರಾಜುಯೇಟೆಡ್' ಎಂಬುದು ಎಲ್ಲ ಕಡೆಗೂ ಸಲ್ಲುವ ಮಾತು.

ಇನ್ನು ತೋಟದ ಕೆಲಸಕ್ಕೆ ಬರೋಣ. 'ತೋಟ ನೋಡಿಕೊಳ್ಳುತ್ತಿದ್ದೆ' ಎಂಬುದನ್ನು ಪದಕ್ಕೆ ಪದವಿಟ್ಟು 'ಐ ವಾಸ್ ಸೀಯಿಂಗ್ ದ ಗಾರ್ಡನ್' ಎಂದರೆ ಹೂದೋಟದ ಅಂದ ನೋಡುತ್ತ ಕುಳಿತಿದ್ದೆ ಎಂದಾಗುತ್ತದೆ. ನಮ್ಮ ತೋಟಕ್ಕೆ 'ಗಾರ್ಡನ್' ಎಂಬ ಪದ ಒಗ್ಗುವುದಿಲ್ಲ. 'ಎಸ್ಟೇಟ್' ಎಂದರೆ ನಾಲ್ಕು ಎಕರೆಗೆ ಭಾರವಾಯಿತು. 'ಹೋಲ್ಡಿಂಗ್' ಎಂಬುದು ಸರಿಯಾದ ಮಾತು, ಹಿಡುವಳಿ ಎಂದೇ ಅದರ ಅರ್ಥ. ಹೀಗೆ ಬರೆಯಬಹುದು: 'ಐ ಮ್ಯಾನೇಜ್ಡ್ ಅವರ್ ಫ್ಯಾಮಿಲಿ ಹೋಲ್ಡಿಂಗ್ ಆಫ್ ಫೋರ್ ಏಕರ್ಸ್ ಅಂಡರ್ ಅರೆಕಾ ಅಂಡ್ ಕಾಫಿ.' ತಂದೆಯ ಕೈಕೆಳಗೆ ಮಾಡಿದ್ದರೆ 'ಮ್ಯಾನೇಜ್ಡ್' ಬದಲು 'ಹೆಲ್ಪ್ಡ್ ಮೈ ಫಾದರ್ ಮ್ಯಾನೇಜ್' ಎಂದಿರಲಿ. ಕಾಫಿ ಮಂಡಳಿಯ ಲೆಕ್ಕದಲ್ಲಿ 10 ಹೆಕ್ಟೇರಿನವರೆಗಿನ ಹಿಡುವಳಿದಾರರು ಸಣ್ಣ ಬೆಳೆಗಾರರು. 'ಸ್ಮಾಲ್ ಗ್ರೋವರ್' ಎಂಬುದು ಸರ್ಕಾರಿ ಕಾಗದಪತ್ರಗಳ ಗೌರವದ ಪದವೇ ಆಗಿರುವುದರಿಂದ ಬರೆಯಲು ಸಂಕೋಚ ಬೇಕಿಲ್ಲ.

ಹಾಜರಿ ಬರೆದು ವಾರದ ಬಟವಾಡೆ ಮಾಡಿದ್ದಕ್ಕೆ: 'ಐ ಮೇಂಟೇನ್ಡ್ ದ ಅಟೆಂಡೆನ್ಸ್ ರಿಜಿಸ್ಟರ್ ಅಂಡ್ ಪೇಯ್ಡ್ ವೀಕ್ಲಿ ವೇಜಸ್ ಟು ಟ್ವೆಲ್ವ್ ವರ್ಕರ್ಸ್.' ಇಲ್ಲಿ ಆಳುಗಳ ಸಂಖ್ಯೆ ಬರೆದಿರುವುದನ್ನು ಗಮನಿಸಬೇಕು. ಸಂಖ್ಯೆ ಇದ್ದರೆ ಮಾತಿಗೆ ತೂಕ ಬರುತ್ತದೆ, ಸಂದರ್ಶಕರಿಗೆ ಮುಂದಿನ ಪ್ರಶ್ನೆ ಕೇಳಲು ಹಿಡಿಕೆ ಸಿಗುತ್ತದೆ. 'ಕೂಲೀಸ್' ಎಂಬ ಪದವನ್ನು ಮಾತ್ರ ಎಂದೂ ಬಳಸಬಾರದು. ಇಂಗ್ಲಿಷಿನಲ್ಲಿ ಅದು ಹೀನಾಯದ ಮಾತು.

ಕೊಳೆರೋಗಕ್ಕೆ ಬೋರ್ಡೋ ಹೊಡೆಸಿದ ಹುಡುಗನ ವಿಷಯವನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಶೇಕಡಾ 1ರ ದ್ರಾವಣಕ್ಕೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ, 100 ಲೀಟರ್ ನೀರು ಎಂಬುದು ನಮಗೆಲ್ಲ ಬಾಯಿಪಾಠ. ಎರಡನ್ನೂ ಬೇರೆ ಬೇರೆ ಕರಗಿಸಿ, ತುತ್ತದ ನೀರನ್ನು ಸುಣ್ಣದ ನೀರಿಗೆ ಸುರಿಯುತ್ತ ಕಲಕಿ, ಹೊಳೆಯುವ ಕತ್ತಿಯ ಅಲಗನ್ನು ಅದ್ದಿ ನೋಡುತ್ತೇವೆ. ಅಲಗಿನ ಮೇಲೆ ಕೆಂಪು ತಾಮ್ರ ಕುಳಿತರೆ ಸುಣ್ಣ ಸಾಲದೆಂದು ಅರ್ಥ. ಈ ಕತ್ತಿಯ ಪರೀಕ್ಷೆಗೆ ಕಾರ್ಖಾನೆಯವರ ಭಾಷೆಯಲ್ಲಿ 'ಕ್ವಾಲಿಟಿ ಚೆಕ್' ಎನ್ನುತ್ತಾರೆ. ಮಳೆ ಹಿಡಿಯುವುದರೊಳಗೆ ಮೊದಲ ಮದ್ದು ಮುಗಿಸಲೇಬೇಕೆಂದು ಮದ್ದು ಹೊಡೆಯುವವರನ್ನು ಮೊದಲೇ ಗೊತ್ತುಮಾಡಿ, ದೋಟಿ, ಪಂಪು, ತುತ್ತ, ಸುಣ್ಣ ಎಲ್ಲವನ್ನೂ ಹೊಂದಿಸುವುದಕ್ಕೆ 'ಪ್ಲಾನಿಂಗ್' ಎನ್ನುತ್ತಾರೆ. ಆ ಗಡುವಿಗೆ 'ಡೆಡ್‌ಲೈನ್' ಎನ್ನುತ್ತಾರೆ. ಆ ಪದ ಹುಟ್ಟಿದ್ದು ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ, ಸೆರೆಶಿಬಿರದ ಗೆರೆಯೊಂದರಿಂದ. ದಾಟಿದ ಕೈದಿಗೆ ಗುಂಡು. ಜೂನ್ ತಿಂಗಳ ಗೆರೆ ದಾಟಿದರೆ ನಮ್ಮ ಅಡಿಕೆಗೂ ಗತಿ ಅದೇ. 'ಐ ಪ್ಲಾನ್ಡ್ ಅಂಡ್ ಸೂಪರ್‌ವೈಸ್ಡ್ ದ ಪ್ರೀ-ಮಾನ್ಸೂನ್ ಸ್ಪ್ರೇಯಿಂಗ್ ಆಫ್ ಅರೆಕಾ' ಎಂದು ಹೇಳಿದ ಹುಡುಗನನ್ನು ಮತ್ತೆರಡು ಪ್ರಶ್ನೆ ಕೇಳಿದರೂ ಉತ್ತರ ಅವನ ಕೈಯಲ್ಲೇ ಇರುತ್ತದೆ. ಪುಸ್ತಕ ನೋಡಿ ಉರುಹೊಡೆದ ಉತ್ತರಕ್ಕೆ ಆ ಧೈರ್ಯವಿಲ್ಲ.

ಹೆಣ್ಣುಮಕ್ಕಳಂತೂ 'ಹೆಲ್ಪಿಂಗ್ ಮದರ್' ಎಂದು ಬರೆದು ಮುಗಿಸಿಬಿಡುತ್ತಾರೆ. ಕಣದಲ್ಲಿ ಕಾಫಿ ಒಣಗಿದ ಹದ ನೋಡಿದವಳು, ಮೂಟೆಯ ಲೆಕ್ಕ ಇಟ್ಟವಳು, ಸಂಘದ ಸಾಲದ ಕಂತು ನೆನಪಿಸಿದವಳು ಅನೇಕ ಮನೆಗಳಲ್ಲಿ ಮಗಳೇ ಎಂಬುದು ನಮಗೆ ಗೊತ್ತಿದೆ. 'ಐ ವಾಸ್ ರೆಸ್ಪಾನ್ಸಿಬಲ್ ಫಾರ್ ಡ್ರೈಯಿಂಗ್, ಬ್ಯಾಗಿಂಗ್ ಅಂಡ್ ಸ್ಟಾಕ್ ರೆಕಾರ್ಡ್ಸ್' ಎಂದು ಅವಳು ಬರೆಯಲಿ. ಬ್ಯಾಂಕಿನ ಕೆಲಸಕ್ಕಾಗಲಿ ಉಗ್ರಾಣದ ಕೆಲಸಕ್ಕಾಗಲಿ ಇದು ನೇರ ಸಂಬಂಧಪಟ್ಟ ಅನುಭವ.

ಹಾಗೆಂದು ಉಬ್ಬಿಸಿ ಬರೆಯುವುದನ್ನು ನಾವು ಒಪ್ಪುವುದಿಲ್ಲ. ಎರಡೆಕರೆ ತೋಟದ ಹುಡುಗ ತನ್ನನ್ನು 'ಜನರಲ್ ಮ್ಯಾನೇಜರ್' ಎಂದು ಬರೆದುಕೊಂಡ ಅರ್ಜಿಯೂ ನಮ್ಮ ಮೇಜಿಗೆ ಬಂದಿತ್ತು. ಪೇಟೆಯ ಅಂಗಡಿಯೊಂದರಲ್ಲಿ ಬೆರಳಚ್ಚು ಮಾಡಿಕೊಟ್ಟವರೇ ಆ ಬಿರುದನ್ನು ಸೇರಿಸಿದ್ದರಂತೆ. ಕಾಫಿ ಗಿಡಕ್ಕೆ ಎಷ್ಟು ಅಡಿಗೆ ಟಾಪಿಂಗ್ ಎಂದು ಎದುರಿಗಿರುವವರು ಕೇಳದಿರಬಹುದು. ಕೈಕೆಳಗೆ ಎಷ್ಟು ಜನ ಎಂದು ಕೇಳದೆ ಬಿಡರು.

ಟಾಪಿಂಗ್ ಎಂದಾಗ ನೆನಪಾಯಿತು. ವ್ಯಕ್ತಿಯ ಬೆಳವಣಿಗೆಯನ್ನು ಹೇಳುವ ಹಲವು ಇಂಗ್ಲಿಷ್ ಪದಗಳು ನಮ್ಮ ಆಳುಕಾಳುಗಳ ಬಾಯಲ್ಲೂ ಓಡಾಡುತ್ತವೆ. 'ಟ್ರೈನಿಂಗ್' ಎಂಬುದನ್ನೇ ನೋಡಿ. ಕಾಫಿಯಲ್ಲಿ ಒಂಟಿ ಕಾಂಡದ ಟ್ರೈನಿಂಗ್ ಎಂದರೆ ಗಿಡವನ್ನು ಬೇಕಾದ ಆಕಾರಕ್ಕೆ ತರುವುದು. ಇಂಗ್ಲಿಷಿನಲ್ಲಿ ಈ ಪದ ಗಿಡಬಳ್ಳಿಗಳನ್ನು ಎಳೆದು ತಿದ್ದುವುದಕ್ಕೆ ಮೊದಲು ಬಳಕೆಯಾಗಿ ಮನುಷ್ಯರಿಗೆ ಅನಂತರ ಬಂದಿತೆಂದು ಪದಕೋಶಕಾರರು ಹೇಳುತ್ತಾರೆ. ಚಿಗುರು ತೆಗೆಯುವ 'ಹ್ಯಾಂಡ್ಲಿಂಗ್', ಕಛೇರಿಯಲ್ಲಿ ಗಿರಾಕಿಗಳನ್ನು ನಿಭಾಯಿಸುವುದಾಗುತ್ತದೆ. 'ಡೆವಲಪ್‌ಮೆಂಟ್' ಎಂಬ ಪದದ ಮೂಲ ಅರ್ಥ ಸುತ್ತಿದ್ದನ್ನು ಬಿಚ್ಚುವುದು; ಹೊಂಬಾಳೆ ಬಿಚ್ಚಿಕೊಳ್ಳುವುದನ್ನು ಕಂಡವರಿಗೆ ಅದನ್ನು ಬಿಡಿಸಿ ಹೇಳಬೇಕಾಗಿಲ್ಲ. 'ಗ್ರೋತ್' ಎಂದರೆ ಗಾತ್ರ ಹೆಚ್ಚುವುದು. ಸಂಬಳ ಹೆಚ್ಚಿದರೆ 'ಇನ್‌ಕ್ರಿಮೆಂಟ್', ಹುದ್ದೆ ಏರಿದರೆ 'ಪ್ರಮೋಷನ್'. ಇವೆರಡನ್ನು ಒಂದೆಂದು ತಿಳಿಯುವವರು ಬಹಳ. ಹುದ್ದೆಯ ಹೆಸರು ದೊಡ್ಡದಾಗಿ ಸಂಬಳ ಇದ್ದಲ್ಲೇ ಇರುವುದೂ ಉಂಟು.

ಐದು ವರ್ಷದಲ್ಲಿ ನೀವು ಎಲ್ಲಿರುವಿರಿ ಎಂಬ ಪ್ರಶ್ನೆಯನ್ನು ಈಗ ಬಹುತೇಕ ಸಂದರ್ಶನಗಳಲ್ಲಿ ಕೇಳುತ್ತಾರೆ. ಮಕ್ಕಳು ಇದಕ್ಕೆ ಹೆದರುತ್ತಾರೆ. ಅಡಿಕೆ ಸಸಿ ನೆಟ್ಟು ಐದಾರು ವರ್ಷ ಫಸಲಿಗೆ ಕಾಯುವ ಮನೆಯವರಿಗೆ ಈ ಪ್ರಶ್ನೆ ಹೊಸದೇನಲ್ಲ. 'ಐ ವಾಂಟ್ ಟು ಲರ್ನ್ ದ ವರ್ಕ್ ಥರೋಲಿ ಅಂಡ್ ದೆನ್ ಟೇಕ್ ಮೋರ್ ರೆಸ್ಪಾನ್ಸಿಬಿಲಿಟಿ' ಎಂದು ಹೇಳಿದರೆ ಸಾಕು.

ಕೆಲಸ ಸಿಕ್ಕಿತು, ಪತ್ರ ಬಂತು. ತಂದೆಯಾದವರು ಓದಬೇಕಾದ್ದು ಇಲ್ಲಿಂದ. ಮೊದಲ ಪುಟದಲ್ಲೇ 'ಸಿ.ಟಿ.ಸಿ.' ಎಂಬ ಮೂರಕ್ಷರ ಇರುತ್ತದೆ. ಇದು ಚಹಾದ ಸಿ.ಟಿ.ಸಿ. ಅಲ್ಲ, 'ಕಾಸ್ಟ್ ಟು ಕಂಪೆನಿ'. ಆ ನೌಕರನಿಗಾಗಿ ಕಂಪೆನಿಗೆ ವರ್ಷಕ್ಕೆ ತಗಲುವ ಒಟ್ಟು ವೆಚ್ಚ. ಉದಾಹರಣೆಗೆ 3,60,000 ರೂಪಾಯಿ ಎಂದಿದ್ದರೆ, ಹನ್ನೆರಡರಿಂದ ಭಾಗಿಸಿ ತಿಂಗಳಿಗೆ 30,000 ಎಂದು ಊರಿಗೆಲ್ಲ ಹೇಳಬೇಡಿ. ಭವಿಷ್ಯನಿಧಿಗೆ ಕಂಪೆನಿ ಹಾಕುವ ಪಾಲು, ಗ್ರಾಟ್ಯುಟಿ, ವಿಮೆಯ ಕಂತು ಎಲ್ಲವೂ ಅದರೊಳಗೇ ಸೇರಿರಬಹುದು. ಕೆಲಸ ಚೆನ್ನಾಗಿ ಮಾಡಿದರೆ ಮಾತ್ರ ಕೊಡುವ 'ವೇರಿಯಬಲ್ ಪೇ' ಸಹ ಇರಬಹುದು. ಮಂಡಿಯ ಧಾರಣೆಗೂ ಖರ್ಚು ಕಳೆದು ಪಟ್ಟಿಯ ಕೊನೆಗೆ ಬರುವ ಮೊತ್ತಕ್ಕೂ ಇರುವ ಅಂತರವನ್ನು ಇಲ್ಲಿ ನೆನೆಯಬೇಕು. ಕೇಳಬೇಕಾದ ಪ್ರಶ್ನೆ: 'ವಾಟ್ ವಿಲ್ ಬಿ ಮೈ ಮಂಥ್ಲಿ ಟೇಕ್-ಹೋಮ್ ಪೇ?' ಹೀಗೆ ಕೇಳುವುದನ್ನು ಯಾರೂ ಅಧಿಕಪ್ರಸಂಗವೆಂದು ತಿಳಿಯುವುದಿಲ್ಲ.

'ಪ್ರೊಬೇಷನ್' ಎಂದರೆ ಪರೀಕ್ಷಾ ಅವಧಿ. ಅದು ಮುಗಿದು 'ಕನ್‌ಫರ್ಮೇಷನ್' ಪತ್ರ ಕೈಗೆ ಬರುವವರೆಗೆ ಮನೆ ಕಟ್ಟುವ ಸಾಲಕ್ಕೆ ಅವಸರಪಡಬಾರದು. 'ನೋಟೀಸ್ ಪೀರಿಯಡ್' ಎಂದರೆ ಬಿಡುವ ಮುನ್ನ ತಿಳಿಸಬೇಕಾದ ಅವಧಿ. ಒಂದು ತಿಂಗಳೋ ಮೂರು ತಿಂಗಳೋ ನೋಡಿಕೊಳ್ಳಬೇಕು. ಬಿಟ್ಟ ಮೇಲೆ 'ರಿಲೀವಿಂಗ್ ಲೆಟರ್' ಪಡೆಯದೆ ಬಂದರೆ ಮುಂದಿನ ಕಡೆ ತೊಂದರೆ.

'ಬಾಂಡ್' ಎಂಬ ಮಾತು ಬಂದಲ್ಲಿ ಎರಡು ಸಲ ಓದಬೇಕು. ಇಂತಿಷ್ಟು ಕಾಲ ಬಿಡುವುದಿಲ್ಲ, ಬಿಟ್ಟರೆ ಇಂತಿಷ್ಟು ಹಣ ಕಟ್ಟುತ್ತೇನೆ ಎಂಬ ಕರಾರು ಅದು. ಕೆಲವೊಮ್ಮೆ 'ಸರ್ವಿಸ್ ಅಗ್ರಿಮೆಂಟ್' ಎಂಬ ಮೃದುವಾದ ಹೆಸರಿನಲ್ಲಿಯೂ ಬರುತ್ತದೆ. ಮೊತ್ತ ಎಷ್ಟು, ಜಾಮೀನಿಗೆ ತಂದೆಯ ಸಹಿ ಕೇಳಿದ್ದಾರೆಯೇ ಎಂಬುದನ್ನು ಕಂಡುಕೊಳ್ಳದೆ ರುಜು ಹಾಕಬಾರದು. ಪ್ರಮಾಣಪತ್ರಗಳ ವಿಷಯದಲ್ಲಿ 'ಒರಿಜಿನಲ್ಸ್ ಫಾರ್ ವೆರಿಫಿಕೇಷನ್' ಎಂದಿದ್ದರೆ ತೋರಿಸಿ ವಾಪಸು ತರುವುದು. 'ಸಬ್ಮಿಟ್' ಅಥವಾ 'ಸರೆಂಡರ್' ಎಂದಿದ್ದರೆ ಯಾಕೆ ಎಂದು ಕೇಳಿ, ನಕಲು ಕೊಡುವುದು. ಇನ್ನು 'ರಿಫಂಡಬಲ್ ಡಿಪಾಸಿಟ್'. ಮರಳಿಸುವ ಠೇವಣಿ ಎಂದು ಇದರ ಅರ್ಥ. ಉದ್ಯೋಗ ಕೊಡಿಸುವೆವೆಂದು ಫೋನಿನಲ್ಲಿ ಸಂದೇಶ ಕಳಿಸುವವರು ಈ ಮಾತನ್ನು ಬಹಳ ಧಾರಾಳವಾಗಿ ಬಳಸುತ್ತಾರೆ. ನಮ್ಮ ಸದಸ್ಯರೊಬ್ಬರು ಮೆಣಸು ಮಾರಿದ ಹಣವನ್ನು ಹಾಗೆ ಕಳಿಸಿ, ಆ ಹೆಸರಿನ ಕಛೇರಿಯೇ ಇಲ್ಲವೆಂದು ಆಮೇಲೆ ತಿಳಿದುಕೊಂಡರು. ಕೆಲಸ ಕೊಡುವವನು ಸಂಬಳ ಕೊಡಬೇಕು. ಮೊದಲು ಅವನೇ ಹಣ ಕೇಳಿದನೆಂದರೆ ಆ ಪತ್ರವನ್ನು ಹಿಡಿದು ನೇರವಾಗಿ ಕಛೇರಿಗೆ ಬನ್ನಿ. ಸೊಸೈಟಿಯ ವೇಳೆಯಲ್ಲಿ ಯಾವ ದಿನವಾದರೂ ಓದಿ ಹೇಳುತ್ತೇವೆ.

ಕಡೆಗೆ ಒಂದು ಸಣ್ಣ ಕಲಮು ಉಳಿಯಿತು, 'ಫಾದರ್ಸ್ ಆಕ್ಯುಪೇಷನ್'. ಇಲ್ಲಿ ಮಕ್ಕಳು ಗೆರೆ ಎಳೆದು ಬಿಡುತ್ತಾರೆ, ಇಲ್ಲವೇ 'ಬೀಟಲ್‌ನಟ್' ಎಂದು ಏನೋ ಗೀಚುತ್ತಾರೆ. ಬೀಟಲ್ ಎಂದರೆ ವೀಳ್ಯದೆಲೆ. ಅಡಿಕೆಗೆ ಆ ಹೆಸರು ಎಲೆಯ ಸಹವಾಸದಿಂದ ಅಂಟಿಕೊಂಡದ್ದು. ಅಡಿಕೆಯ ಸರಿಯಾದ ಹೆಸರು 'ಅರೆಕಾ'. ಮಲಯಾಳದ ಅಡಕ್ಕ ಎಂಬ ಪದವನ್ನು ಪೋರ್ಚುಗೀಸರು ತಮ್ಮ ನಾಲಗೆಗೆ ಹೊಂದಿಸಿಕೊಂಡು ಒಯ್ದರು, ಅವರಿಂದ ಇಂಗ್ಲಿಷಿಗೆ ಹೋಯಿತು. ನಮ್ಮ ಅಡಿಕೆಯೂ ಆ ಅಡಕ್ಕವೂ ಒಂದೇ ಮನೆಯ ಪದಗಳು. ಆದ್ದರಿಂದ 'ಅರೆಕಾ ಅಂಡ್ ಕಾಫಿ ಗ್ರೋವರ್' ಎಂದು ಪೂರ್ತಿಯಾಗಿ ಬರೆಯಿರಿ. ಗುಮಾಸ್ತರು ಕಾಗುಣಿತ ಕೇಳಿದರೆ ಎ, ಆರ್, ಇ, ಸಿ, ಎ ಎಂದು ಹೇಳಿ.